ನೀರುನಾಯಿ ಹೊಡೆಯಲು ಬಂದ ಮಾಮ

ಆ ಕಾಲದಲ್ಲಿ ಮಂಗಳೂರಿನ ನಮ್ಮ ಬೋಳಾರದಲ್ಲಿ ಯಾರೂ ಫೋಟೊ ತೆಗೆಯುತ್ತಿರಲಿಲ್ಲ, ಹೊಡೆಯುತ್ತಿದ್ದರು. ಮದುವೆ ಮುಗಿದ ಮೇಲೆ ಹೆಂಗಸರು ‘ಸ್ಟುಡಿಯೋದವ ಎಷ್ಟು ಹೊಡೆದ?’ ಎಂದು ವಿಚಾರಿಸುತ್ತಿದ್ದರು. ಮಗುವಿಗೆ ವರ್ಷ ತುಂಬಿದರೆ ‘ಒಂದು ಹೊಡೆಸಿ ಇಡಿ’ ಎನ್ನುತ್ತಿದ್ದರು. ಹೊಡೆಸಿಕೊಂಡವರು ಮುಖ ಬಿಗಿದು, ಕೈ ಕಟ್ಟಿ, ನಿಜವಾಗಿಯೂ ಪೆಟ್ಟು ಬೀಳಲಿದೆಯೋ ಎಂಬಂತೆ ನಿಂತಿರುವುದನ್ನು ಹಳೆಯ ಆಲ್ಬಮ್ಮುಗಳಲ್ಲಿ ನೀವೂ ನೋಡಿರಬಹುದು. ಇಷ್ಟನ್ನು ಮೊದಲೇ ಹೇಳಿಟ್ಟರೆ ಮುಂದೆ ನಾನು ಮಾಡಿದ ಘನಕಾರ್ಯಕ್ಕೆ ನೀವು ನನ್ನನ್ನು ಸ್ವಲ್ಪ ಕಡಿಮೆ ಬೈಯಬಹುದು ಎಂಬ ಆಸೆ.

ಈಗ ಕದ್ರಿಯ ಫ್ಲ್ಯಾಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೂರುವ ಮೊದಲು ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಎರಡು ಸಲ ನೋಡಿ ಬಂದೆ. ಮಗಳು ನಂತೂರು ದಾಟಿ ಕಾಲೇಜು ಮುಟ್ಟಿದೆ ಎಂದು ಮೆಸೇಜ್ ಹಾಕುವವರೆಗೆ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಈ ನನ್ನ ಸ್ವಭಾವಕ್ಕೆ ಏನಾದರೂ ಕಾಯಿಲೆಯ ಹೆಸರು ಇದ್ದೀತೇ ಎಂದು ಗಂಡ ಹುಡುಕುತ್ತಿದ್ದಾರೆ. ಕಾಯಿಲೆಯಲ್ಲ, ಹುಟ್ಟುಗುಣ. ಆರನೇ ಕ್ಲಾಸಿನ ಹೊತ್ತಿಗೇ ಪೂರ್ತಿ ಬಲಿತಿತ್ತು.

ಆಗ ನಾವಿದ್ದದ್ದು ನೇತ್ರಾವತಿಯ ದಂಡೆಗೆ ಕೂಗಳತೆಯ ಒಂದು ಹಂಚಿನ ಮನೆಯಲ್ಲಿ. ಅಪ್ಪ ಮುಂಬಯಿಯ ಹೋಟೆಲಿನಲ್ಲಿ ಮ್ಯಾನೇಜರು, ವರ್ಷಕ್ಕೊಮ್ಮೆ ಬರುವವರು. ಮನೆಯಲ್ಲಿ ಅಜ್ಜಿ, ಅಮ್ಮ, ನಾನು. ಮನೆಯ ಹಿಂದೆ ಒಂದು ಹಂಚಿನ ಕಾರ್ಖಾನೆ, ಅದರ ಹಿಂದೆ ಹಳೆಯ ಧಕ್ಕೆ. ಆವೆಮಣ್ಣಿನ ದೋಣಿಗಳು ಬಂದು ನಿಲ್ಲುತ್ತಿದ್ದ ಕಲ್ಲಿನ ಕಟ್ಟೆ ಅದು. ಒಡೆದ ಹಂಚಿನ ಚೂರುಗಳು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ನಮ್ಮ ಕುಂಟೆಬಿಲ್ಲೆಗೂ ಲಗೋರಿಗೂ ಬೇರೆ ಸಾಮಾನು ಬೇಕಿರಲಿಲ್ಲ. ಡಿಸೆಂಬರಿನ ಬೆಳಗ್ಗೆ ಹೊಳೆಯ ಮೇಲೆ ಬಿಳಿ ಮಂಜು ಕೂತಿರುತ್ತಿತ್ತು. ಹಸಿ ಆವೆಮಣ್ಣು, ಹಂಚು ಸುಡುವ ಗೂಡಿನ ಸೌದೆ ಹೊಗೆ, ಯಾರದೋ ಅಂಗಳದಲ್ಲಿ ಒಣಗುವ ಸೀಗಡಿ ಎಲ್ಲ ಸೇರಿ ಒಂದು ವಾಸನೆ. ಅದನ್ನು ಆಗ ‘ನಾತ’ ಎನ್ನುತ್ತಿದ್ದೆ. ಈಗ ಎಲ್ಲಾದರೂ ಸಿಕ್ಕಿದರೆ ಮೂಗರಳಿಸಿ ನಿಲ್ಲುತ್ತೇನೆ.

ಧಕ್ಕೆಯ ಎದುರಿಗೆ ಒಂದು ಕುದ್ರು. ಹೊಳೆಯ ನಡುವೆ ಎದ್ದ ದಿಬ್ಬಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಅದರಲ್ಲಿ ಮನೆ ಇರಲಿಲ್ಲ, ತೆಂಗೂ ಇರಲಿಲ್ಲ. ಸುತ್ತ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಪೊದೆ, ಒಂದು ಮಗ್ಗುಲಲ್ಲಿ ಓಲೆಚಾಪೆ ಹಾಸಿದಷ್ಟು ಹೊಯಿಗೆ, ಅಂದರೆ ಮರಳು. ಆ ಹೊಯಿಗೆಯ ಮೇಲೆ ನೀರುನಾಯಿಗಳು ಬರುತ್ತಿದ್ದವು. ಎರಡು ದೊಡ್ಡವು, ಮೂರು ಮರಿ. ನೀರಿನಿಂದ ಎದ್ದು ಮೈ ಕೊಡವಿ, ಒಂದರ ಮೇಲೊಂದು ಬಿದ್ದು ಹೊರಳಿ, ಶಾಲೆ ಬಿಟ್ಟ ಮಕ್ಕಳಂತೆ ಕೀಚ್ ಕೀಚ್ ಎಂದು ಕೂಗುತ್ತಿದ್ದವು. ಸಂಜೆ ಶಾಲೆಯಿಂದ ಬಂದು ಚೀಲ ಒಗೆದು ಧಕ್ಕೆಗೆ ಓಡಿ ಅವನ್ನು ಎಣಿಸುವುದು ನನ್ನ ಕೆಲಸ. ಹಾಗೆಂದು ಯಾರೂ ನೇಮಿಸಿರಲಿಲ್ಲ. ಐದು ಕಂಡರೆ ಗಂಜಿ ಗಂಟಲಲ್ಲಿ ಇಳಿಯುತ್ತಿತ್ತು. ನಾಲ್ಕೇ ಕಂಡ ದಿನ, ಐದನೆಯದಕ್ಕೆ ಏನಾಗಿರಬಹುದು ಎಂಬುದಕ್ಕೆ ಹತ್ತು ಬಗೆಯ ಉತ್ತರ ನನ್ನಲ್ಲಿ ತಯಾರಿರುತ್ತಿತ್ತು.

ಅಂಥ ದಿನಗಳಲ್ಲಿ ಶೇಖರ ಮಾಮನ ಪತ್ರ ಬಂತು.

ಮಾಮ ಅಮ್ಮನ ಒಬ್ಬನೇ ತಮ್ಮ. ಗಲ್ಫಿನಲ್ಲಿದ್ದರು. ಅಲ್ಲಿ ಎಂತ ಕೆಲಸವೆಂದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಅಜ್ಜಿ ಬಂದವರಲ್ಲೆಲ್ಲ “ನನ್ನ ಮಗನನ್ನು ಇಡೀ ದಿನ ಕತ್ತಲೆ ಕೋಣೆಯಲ್ಲಿ ಕೂರಿಸ್ತಾರೆ, ಒಂದು ಕೆಂಪು ಬಲ್ಬು ಮಾತ್ರ ಅಂತೆ” ಎಂದು ಕಣ್ಣೊರೆಸುತ್ತಿದ್ದರು. ಶುಕ್ರವಾರ ಶುಕ್ರವಾರ ಮಂಗಳಾದೇವಿಗೆ ಹೋಗಿ “ಅವನನ್ನು ಆ ಕತ್ತಲೆಯಿಂದ ಹೊರಗೆ ಹಾಕು ತಾಯಿ” ಎಂದು ಬೇಡುತ್ತಿದ್ದರು. ಹಾಗಾಗಿ ಮಾಮ ಒಂದು ನಮೂನೆಯ ಜೈಲಿನಲ್ಲಿದ್ದಾರೆ, ಒಳ್ಳೆಯ ನಡತೆಗೆ ಸಾಬೂನು, ಟಾರ್ಚು ಕೊಟ್ಟು ರಜೆ ಬಿಡುತ್ತಾರೆ ಎಂದೇ ನಾನು ತಿಳಿದಿದ್ದೆ.

ನಮ್ಮ ಮನೆಯ ಮಾತೆಲ್ಲ ತುಳು. ಇಲ್ಲಿ ಅವರ ಬಾಯಿಗೆ ನಾನು ಕನ್ನಡ ಹಾಕುತ್ತಿದ್ದೇನೆ. ಆದರೆ ಪತ್ರ ಬರೆಯುವುದು ಕನ್ನಡದಲ್ಲೇ. ತುಳುವಿನಲ್ಲಿ ಹರಟುವ ಮನುಷ್ಯ ಪತ್ರದಲ್ಲಿ ಶಾಲಾ ಪುಸ್ತಕದಂತೆ ಆಗಿಬಿಡುತ್ತಿದ್ದರು. ಅಮ್ಮ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು: “ಪ್ರೀತಿಯ ಅಕ್ಕನಿಗೆ ತಮ್ಮನಾದ ಶೇಖರನು ಮಾಡುವ ನಮಸ್ಕಾರಗಳು. ಇಪ್ಪತ್ತನೇ ತಾರೀಕಿಗೆ ಮನೆ ಮುಟ್ಟುತ್ತೇನೆ. ರಜೆ ಹತ್ತೇ ದಿನ. ಈ ಸಲ ದೊಡ್ಡ ಬೆಡಿಯೊಂದನ್ನು ತರುತ್ತಿದ್ದೇನೆ. ಅಪ್ಪನ ಬೆಡಿಗಿಂತಲೂ ಉದ್ದ. ಕುದ್ರಿನ ನೀರುನಾಯಿಗಳನ್ನು ಹೊಡೆಯದೆ ಹಿಂದಿರುಗಲಾರೆ. ಅವು ಸಿಕ್ಕಿದರೆ ಕತ್ತಲೆ ಕೋಣೆಯಿಂದ ಹೊರಗೆ ಹಾಕುತ್ತೇನೆಂದು ಯಜಮಾನರು ಮಾತು ಕೊಟ್ಟಿದ್ದಾರೆ.”

ತುಳುವಿನಲ್ಲಿ ಬೆಡಿ ಎಂದರೆ ಕೋವಿ. ದೀಪಾವಳಿಯ ಪಟಾಕಿಗೂ ಬೆಡಿ ಎಂದೇ ಹೇಳುತ್ತೇವೆ. ಢಂ ಎಂದು ಹೊಗೆ ಬಿಡುವುದೆಲ್ಲ ನಮಗೆ ಬೆಡಿ. ಆದರೆ ‘ಅಪ್ಪನ ಬೆಡಿ’ ಎಂದ ಮೇಲೆ ಸಂಶಯ ಎಲ್ಲಿ? ನಮ್ಮ ಜಗಲಿಯ ಗೋಡೆಯಲ್ಲಿ ಅಜ್ಜನ ಫೋಟೊ ಇತ್ತು. ಹಳ್ಳಿಯಲ್ಲಿ ಗದ್ದೆ ಇದ್ದ ಕಾಲದ್ದು. ಸತ್ತ ಕಾಡುಹಂದಿಯ ಮೇಲೆ ಒಂದು ಕಾಲು, ಕೈಯಲ್ಲಿ ಉದ್ದ ಕೋವಿ. ಪಕ್ಕದಲ್ಲಿ ಅರ್ಧ ಚಡ್ಡಿಯ ಶೇಖರ ಮಾಮ, ತಾನೇ ಕೊಂದೆ ಎಂಬ ಮುಖದಲ್ಲಿ.

“ಇವನ ಹುಚ್ಚು ಬಿಡ್ಲಿಲ್ಲ” ಎಂದು ಅಮ್ಮ ನಕ್ಕರು.

“ಸಿಗ್ಲಿ ಅವನಿಗೆ. ಐದೂ ಸಿಗ್ಲಿ” ಎಂದು ಅಜ್ಜಿ ಕೈ ಮುಗಿದರು.

ನಾನು ಎದ್ದು ಹಿಂದಿನ ಬಾಗಿಲಲ್ಲಿ ಹೋಗಿ ಬಾವಿಕಟ್ಟೆಯಲ್ಲಿ ಕೂತೆ. ಗಲ್ಫಿನ ಯಜಮಾನನಿಗೆ ಚರ್ಮ ಬೇಕಾಗಿರಬೇಕು. ನೀರುನಾಯಿಯ ಚರ್ಮ ನುಣುಪು ಎಂದು ಪಾಠದಲ್ಲಿತ್ತು. ಐದು ಚರ್ಮ ಕೊಟ್ಟರೆ ಮಾಮನ ಬಿಡುಗಡೆ. ಒಂದು ಕಡೆ ಮಾಮ, ಒಂದು ಕಡೆ ನನ್ನ ಐದು. ‘ಹೌದಾ ಅಮ್ಮ?’ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಚಿಂತೆ ಮಾಡುವವರು ಕೇಳುವುದಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ?

ಮಾಮ ಬಂದರು. ಸೂಟ್‌ಕೇಸು ತೆರೆದಾಗ ಜಗಲಿ ತುಂಬ ಪರದೇಶದ ಪರಿಮಳ. ಸಾಬೂನು, ಕಾಗದ ಸುತ್ತಿದ ಚಾಕಲೇಟು, ಅಜ್ಜಿಗೆ ಬೆನ್ನುನೋವಿನ ಮುಲಾಮು. ಒಂದು ಸಣ್ಣ ಕ್ಯಾಮೆರಾ ತೆಗೆದು ನಮ್ಮನ್ನೆಲ್ಲ ತುಳಸಿಕಟ್ಟೆಯ ಎದುರು ನಿಲ್ಲಿಸಿ ಒಂದೊಂದು ಹೊಡೆದರು. ಕ್ಯಾಮೆರಾ ಇಷ್ಟೇ, ಅಂಗೈಯಷ್ಟು. ಹಾಗಾದರೆ ಮಂಚದ ಕೆಳಗೆ ಸರಿಸಿಟ್ಟ ಆ ಉದ್ದದ ಕಪ್ಪು ಪೆಟ್ಟಿಗೆ?

“ಅದನ್ನು ಯಾರೂ ಮುಟ್ಟಬೇಡಿ” ಎಂದರು ಮಾಮ. “ಉಪ್ಪುಗಾಳಿ ತಾಗಿದ್ರೆ ಹಾಳಾಗ್ತದೆ. ಮತ್ತೆ ಒಳಗೆ ಲೋಡ್ ಮಾಡಿ ಇಟ್ಟಿದ್ದೇನೆ. ಮೂವತ್ತಾರು ಉಂಟು.”

ಐದು ನೀರುನಾಯಿಗೆ ಮೂವತ್ತಾರು! ತಲೆಗೆ ಏಳು ಗುಂಡು ಎಂದು ಭಾಗಿಸಿ ನೋಡಿದೆ. ಒಂದು ಶೇಷ.

ಊಟಕ್ಕೆ ಪುಂಡಿಗಟ್ಟಿ, ಬಂಗುಡೆ ಸಾರು. ಮಾಮ ಅಕ್ಕಿ ಉಂಡೆಯನ್ನು ಸಾರಿಗೆ ಮುರಿದು ಹಾಕುತ್ತ ನನ್ನ ಕಡೆ ತಿರುಗಿದರು. “ವಿಜಿ, ನೀನು ದಿನಾ ನೋಡ್ತೀಯಂತಲ್ಲ. ಎಷ್ಟು ಹೊತ್ತಿಗೆ ಹೊರಗೆ ಬರ್ತವೆ?”

“ಈಗ ಇಲ್ಲ ಮಾಮ” ಎಂದೆ. “ಎಲ್ಲ ಉಳ್ಳಾಲಕ್ಕೆ ಹೋದವು.”

“ಎಂತ, ಬಸ್ಸಿನಲ್ಲಾ?”

ಅಮ್ಮನೂ ಅಜ್ಜಿಯೂ ನಕ್ಕರು. ಅದೇ ಹೊತ್ತಿಗೆ ಲೂಯಿಸ್ ಪೊರ್ಬುಗಳು ಅಂಗಳಕ್ಕೆ ಬರಬೇಕೇ! ನಮ್ಮ ಧಕ್ಕೆಯಲ್ಲಿ ದೋಣಿ ಇಟ್ಟು ಬಲೆ ಬೀಸುತ್ತಿದ್ದವರು ಅವರು; ಕ್ರೈಸ್ತ ಗಂಡಸರನ್ನು ನಮ್ಮಲ್ಲಿ ಮರ್ಯಾದೆಗೆ ಪೊರ್ಬುಗಳು ಎಂದೇ ಕರೆಯುವುದು. ಮಾಮನನ್ನು ಚಿಕ್ಕಂದಿನಲ್ಲಿ ದೋಣಿಯಲ್ಲಿ ಕೂರಿಸಿ ತಿರುಗಿಸಿದವರು.

“ಎಲ್ಲಿಗೆ ಹೋಗ್ತವೆ ಶೇಖರಣ್ಣ? ನಿನ್ನೆ ಕೂಡ ನನ್ನ ಬಲೆ ಹರಿದು ಹಾಕಿವೆ. ಬೆಳಗ್ಗೆ ಇಳಿತದ ಹೊತ್ತಿಗೆ ಹೊಯಿಗೆಯಲ್ಲಿ ಮದುವೆ ದಿಬ್ಬಣದ ಹಾಗೆ ಕೂತಿರ್ತವೆ.”

“ಐದೂ ಒಂದೇ ಹೊಡೆತಕ್ಕೆ ಸಿಗ್ಬೇಕು ಪೊರ್ಬುಗಳೇ. ಮರಿಗಳೂ ಸೇರಿ.”

“ಸಿಗ್ತವೆ, ಸಿಗ್ತವೆ. ಗಾಳಿ ನೋಡಿ ದೋಣಿ ನಿಲ್ಸಿದ್ರಾಯ್ತು. ಆದಿತ್ಯವಾರ ಹೋಗುವಾ. ನಾನು ಇಗರ್ಜಿಗೆ ಎರಡನೇ ಪೂಜೆಗೆ ಹೋಗ್ತೇನೆ.”

ಮರಿಗಳೂ ಸೇರಿ! ಎದುರಿಗೆ ಕೂತು ಬೆರಳು ಚೀಪುತ್ತಿರುವ ಈ ಮನುಷ್ಯ ನನಗೆ ಚಾಕಲೇಟು ತಂದ ಅದೇ ಮಾಮನೇ?

ಮೈಮುನ ನನ್ನ ನೆರೆಮನೆಯವಳು, ಒಂದೇ ಬೆಂಚಿನವಳು, ಧೈರ್ಯದಲ್ಲಿ ನನ್ನ ಹತ್ತರಷ್ಟು. ಶನಿವಾರ ಧಕ್ಕೆಯಲ್ಲಿ ಅವಳಿಗೆ ಎಲ್ಲ ಹೇಳಿದೆ.

“ಗುಂಡನ್ನು ನೀರಿಗೆ ಹಾಕಿ ಬಿಡುವಾ” ಎಂದಳು.

“ಪೆಟ್ಟಿಗೆಗೆ ಬೀಗ ಉಂಟು.”

“ಮತ್ತೆ ಎಂತ ಮಾಡುದು? ನೀರುನಾಯಿಗೆ ಹೋಗಿ ಹೇಳ್ಲಿಕ್ಕೆ ಆಗ್ತದಾ, ನಾಳೆ ಬರ್ಬೇಡಿ ಅಂತ?” ಎಂದು ನಕ್ಕವಳು ಥಟ್ಟನೆ ನಗು ನಿಲ್ಲಿಸಿದಳು. “ಏ ವಿಜಿ, ಓಡಿಸಿದ್ರೆ? ಮಾಮ ಬರುವ ಮೊದಲು?”

ಓಡಿಸಲು ಏನು ಬೇಕೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ದೀಪಾವಳಿಗೆ ಉಳಿದ ಬೆಡಿಗಳನ್ನು ತಂಡಿ ಆಗದಂತೆ ಅಜ್ಜಿ ಒಲೆಯ ಮೇಲಿನ ಅಟ್ಟದಲ್ಲಿ ಡಬ್ಬಿಯಲ್ಲಿ ಇಟ್ಟಿದ್ದರು. ಹಸುರು ನೂಲು ಬಿಗಿಯಾಗಿ ಸುತ್ತಿದ, ಒಂದೊಂದೇ ಸಿಡಿಯುವ ದೊಡ್ಡ ಜಾತಿ. ನಾನು ಆವರೆಗೆ ಅದನ್ನು ಒಮ್ಮೆಯೂ ಹಚ್ಚಿದವಳಲ್ಲ. ಸುರುಸುರು ಕಡ್ಡಿಯನ್ನೇ ಮೊಳ ದೂರ ಹಿಡಿದು ಕಣ್ಣು ಮುಚ್ಚುವ ಪೈಕಿ.

“ನೀನು ಬರ್ತೀಯಲ್ಲ?” ಎಂದೆ.

“ಕುದ್ರಿಗಾ? ನನ್ನ ಉಮ್ಮ ಕೊಲ್ತಾರೆ. ನಾನು ಧಕ್ಕೆಯಲ್ಲಿ ನಿಂತು ಪ್ರಾರ್ಥನೆ ಮಾಡ್ತೇನೆ.”

ಆದಿತ್ಯವಾರ ಬೆಳಕು ಹರಿಯುವಾಗ ಮಾಮನೂ ಪೊರ್ಬುಗಳೂ ದೋಣಿಯ ನೀರು ಬಳಿದು ಹಾಕುತ್ತಿದ್ದರು. ನಾನು ಕಾರ್ಖಾನೆಯ ಗೋಡೆಯ ಹಿಂದಿನಿಂದ ಇಳಿದೆ. ದೊಡ್ಡ ಇಳಿತದ ದಿನಗಳಲ್ಲಿ ಆ ಬದಿಯಿಂದ ಕುದ್ರಿಗೆ ಮೊಣಕಾಲು ನೀರಷ್ಟೇ. ಲಂಗ ಎತ್ತಿ ಸಿಕ್ಕಿಸಿ, ತಲೆಯ ಮೇಲೆ ಒಂದು ತೆಂಗಿನಕಾಯಿ ಗೆರಟೆ, ಗೆರಟೆಯೊಳಗೆ ಬೆಡಿಗಳು ಮತ್ತು ಬೆಂಕಿಪೆಟ್ಟಿಗೆ. ಕೆಸರಿನಲ್ಲಿ ಒಂದೊಂದು ಹೆಜ್ಜೆ ಕೀಳುವಾಗಲೂ ಒಂದೊಂದು ಯೋಚನೆ. ಹಾವಿದ್ದರೆ? ಮೊಸಳೆ ಬಂದರೆ? ಅಜ್ಜಿ ಎದ್ದು ಬೆಂಕಿಪೆಟ್ಟಿಗೆ ಹುಡುಕಿದರೆ? ನಡುವೆ ಒಮ್ಮೆ ಅಳು ಬಂತು. ಅಳುತ್ತಲೇ ನಡೆದೆ.

ಕಾಂಡ್ಲಾ ಬೇರುಗಳ ನಡುವೆ ತೂರಿ ಆ ಹೊಯಿಗೆಯ ಅಂಚಿಗೆ ಮುಟ್ಟಿದಾಗ ಅವು ಅಲ್ಲಿದ್ದವು. ಧಕ್ಕೆಯಿಂದ ಬೆಕ್ಕಿನಷ್ಟು ಕಾಣುತ್ತಿದ್ದವು, ಹತ್ತಿರದಿಂದ ಎಷ್ಟು ದೊಡ್ಡವು! ತಾಯಿ ಮೀನಿನ ತಲೆಯನ್ನು ಕರುಂ ಕರುಂ ಎಂದು ಜಗಿಯುವ ಸದ್ದು ನನಗೆ ಕೇಳುತ್ತಿತ್ತು. ಒಂದು ಮರಿ ಇನ್ನೊಂದರ ಬಾಲ ಕಚ್ಚಿ ಎಳೆಯುತ್ತಿತ್ತು. ಅದೊಂದು ಗಳಿಗೆ ನಾನು ಬಂದ ಕೆಲಸ ಮರೆತು ಕೂತುಬಿಟ್ಟೆ. ಬೆಂಕಿಕಡ್ಡಿ ಗೀರಿದರೆ ತಂಡಿ ಹಿಡಿದ ಮದ್ದು ಉದುರಿ ಹೋಯಿತು. ಇನ್ನೊಂದು, ಇನ್ನೊಂದು. ಅಷ್ಟರಲ್ಲಿ ಆಚೆ ಮಗ್ಗುಲಿನ ಎಲೆಗಳ ಸಂದಿಯಲ್ಲಿ ದೋಣಿಯ ಮೂತಿ ನಿಧಾನ ಬಂದು ನಿಂತಿತು. ಅದರ ಮೇಲೆ ಗೋಣಿಚೀಲ ಹಾಸಿ ಮಾಮ ಬೋರಲು ಮಲಗಿದ್ದರು. ಕೆನ್ನೆಗೆ ಒತ್ತಿ ಹಿಡಿದ ಕಪ್ಪು ನಳಿಗೆ ಮೊಳ ಉದ್ದ ಮುಂದೆ ಚಾಚಿತ್ತು. ನೆಟ್ಟಗೆ ಮರಿಗಳ ಕಡೆಗೆ.

ನಾಲ್ಕನೆಯ ಕಡ್ಡಿ ಹತ್ತಿಕೊಂಡಿತು. ಗೆರಟೆಯಲ್ಲಿ ಬೆಡಿ ಇಟ್ಟು, ಬತ್ತಿಗೆ ಮುಟ್ಟಿಸಿ, ಎರಡೂ ಕಿವಿ ಮುಚ್ಚಿ, ಕಣ್ಣನ್ನೂ ಮುಚ್ಚಿದೆ.

ಢಂ!

ಗೆರಟೆ ಚೂರಾಗಿ ನನ್ನ ಮೇಲೆಯೇ ಬಿತ್ತು. ಕಣ್ಣು ಬಿಟ್ಟಾಗ ಹೊಯಿಗೆಯಲ್ಲಿ ಏನೂ ಇಲ್ಲ, ಅರ್ಧ ತಿಂದ ಮೀನು ಮಾತ್ರ. ನೀರಿನಲ್ಲಿ ಉಂಗುರ ಉಂಗುರ ಅಲೆ. ಕುದ್ರಿನ ಬೆಳ್ಳಕ್ಕಿಗಳೆಲ್ಲ ಮೇಲೆದ್ದು ಆಕಾಶದಲ್ಲಿ ಗಲಾಟೆ.

“ಯೇಸು ಮರಿಯಾ!” ಎಂದು ಪೊರ್ಬುಗಳ ಸ್ವರ. ಮಾಮ ದೋಣಿಯಿಂದ ಸೊಂಟದ ನೀರಿಗೆ ಹಾರಿ ಹೊಯಿಗೆ ಹತ್ತಿ ಬಂದರು. ಅವರ ಮುಖ ನಾನು ಹಾಗೆ ನೋಡಿದ್ದು ಅದೊಂದೇ ಸಲ. “ಯಾರದು? ಯಾರು ಬೆಡಿ ಬಿಟ್ಟದ್ದು?”

ನಾನು ಪೊದೆಯಿಂದ ಎದ್ದು ನಿಂತೆ. “ಹೊಡೀಬೇಡಿ ಮಾಮ! ಹೊಡೀಬೇಡಿ!”

“ಇನ್ನು ಹೊಡೀಲಿಕ್ಕೆ ಎಂತ ಉಂಟು ಮಗಾ” ಎಂದರು ಪೊರ್ಬುಗಳು ದೋಣಿಯಿಂದ. “ನೀನೇ ಹೊಡೆದು ಮುಗಿಸಿದೆಯಲ್ಲ.”

“ವಿಜಿ?” ಮಾಮ ನನ್ನ ತಲೆಯಿಂದ ಗೆರಟೆಯ ಚೂರೊಂದನ್ನು ತೆಗೆದರು. “ಎಂತ ಮಾಡಿದ್ದು ನೀನು? ಯಾಕೆ?”

“ಚರ್ಮ ಕೊಡಬೇಡಿ ಮಾಮ. ನಿಮ್ಮ ಯಜಮಾನರಿಗೆ ಬೇರೆ ಏನಾದ್ರೂ ಕೊಡುವಾ. ನನ್ನ ಕಿವಿಯೋಲೆ ಉಂಟು.”

“ಯಾವ ಚರ್ಮ?”

“ನೀರುನಾಯಿದು. ನೀವು ಬೆಡಿಯಲ್ಲಿ ಹೊಡೆದು...”

ಮಾಮ ನನ್ನನ್ನು ನೋಡಿದರು. ಆಮೇಲೆ ಪೊರ್ಬುಗಳನ್ನು ನೋಡಿದರು. ಹೊಯಿಗೆಯಲ್ಲಿ ಹಾಗೆಯೇ ಕುಸಿದು ಕೂತರು. ಮತ್ತೆ ಎದ್ದು ಹೋಗಿ ದೋಣಿಯಿಂದ ಆ ಕಪ್ಪು ನಳಿಗೆಯನ್ನು ತಂದು ನನ್ನ ಎರಡೂ ಕೈಗೆ ಇಟ್ಟರು. ಭಾರವಿತ್ತು. ತುದಿಯಲ್ಲಿ ತೂತಿರಲಿಲ್ಲ, ಗಾಜಿತ್ತು. ಹಿಂದೆ ಕ್ಯಾಮೆರಾ.

“ನೋಡು” ಎಂದರು.

ಕಣ್ಣಿಟ್ಟು ನೋಡಿದೆ. ಹೊಳೆಯ ಆಚೆ ದಡದ ಕಂಬದ ಮೇಲೆ ಕೂತ ಮಿಂಚುಳ್ಳಿ ನನ್ನ ಮೂಗಿನ ಎದುರು ಬಂತು. ಅದರ ಕೊಕ್ಕಿನಿಂದ ಒಂದು ಹನಿ ನೀರು ಬಿತ್ತು.

ಮಾಮ ಆಗ ನಕ್ಕು ನನ್ನನ್ನು ತಬ್ಬಿಕೊಂಡರು ಎಂದು ಬರೆಯಲು ಆಸೆಯಿದೆ. ನಗು ಬರಲು ಅವರಿಗೆ ಎರಡು ದಿನ ಬೇಕಾಯಿತು. ಅವರು ಗಲ್ಫಿನಲ್ಲಿ ಒಂದು ಸ್ಟುಡಿಯೋದಲ್ಲಿದ್ದರು. ಕೆಂಪು ಬಲ್ಬಿನ ಕೋಣೆಯಲ್ಲಿ ಬೇರೆಯವರು ಹೊಡೆದದ್ದನ್ನು ತೊಳೆದು ಕೊಡುವ ಕೆಲಸ. ‘ನಿನ್ನ ಊರಿನ ಕಾಡುಪ್ರಾಣಿಯ ಒಂದು ಒಳ್ಳೆಯ ಫೋಟೊ ತಾ, ನಿನ್ನ ಕಣ್ಣು ಹೇಗಿದೆ ನೋಡುತ್ತೇನೆ, ಆಮೇಲೆ ಕ್ಯಾಮೆರಾ ಕೈಗೆ ಕೊಡುತ್ತೇನೆ’ ಎಂದು ಯಜಮಾನರು ತಮ್ಮದೇ ಒಂದು ಉದ್ದದ ಲೆನ್ಸು ಕೊಟ್ಟು ಕಳುಹಿಸಿದ್ದರು. ಅದನ್ನು ಭುಜಕ್ಕೆ ಕೊಟ್ಟು ಹಿಡಿಯುವ ಚಂದ ನೋಡಿ ಸ್ಟುಡಿಯೋದ ಮಂಗಳೂರಿನ ಹುಡುಗರು ಇಟ್ಟ ಹೆಸರು ಬೆಡಿ. ಇದೆಲ್ಲ ಅಮ್ಮನಿಗೆ ಹಿಂದಿನ ಪತ್ರಗಳಲ್ಲೇ ತಿಳಿದಿತ್ತು. ಮಾಮನಿಗೆ ಆವತ್ತು ಅವು ಇಪ್ಪತ್ತು ಅಡಿಯಲ್ಲಿ, ಬಿಸಿಲು ಬೆನ್ನಿಗೆ ಬಿದ್ದು, ಐದಕ್ಕೆ ಐದೂ ಸಿಕ್ಕಿದ್ದವು. ಒಳ್ಳೆಯ ಗಳಿಗೆಗೆ ಕಾದು ಮೊದಲನೆಯದನ್ನು ಇನ್ನೇನು ಒತ್ತಬೇಕು. ಆಗ ಢಂ.

“ಬೆರಳು ಒತ್ತಿ ಹೋಗಿದೆ” ಎಂದು ದೋಣಿಯಲ್ಲಿ ಪೊರ್ಬುಗಳಿಗೆ ಹೇಳಿದರು. “ಇಡೀ ಮೈ ಹಾರಿ ಬಿದ್ದಿದೆ. ಅದರಲ್ಲಿ ಎಂತ ಬಂದಿರ್ತದೆ? ಬರೀ ಮಬ್ಬು.”

ಮನೆಯ ಮೆಟ್ಟಿಲಲ್ಲಿ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. “ಎಂತ ಸದ್ದು ಅದು? ಇಡೀ ಬೋಳಾರಕ್ಕೆ ಕೇಳಿದೆ. ಇವಳು ಯಾಕೆ ಚಂಡಿ, ಲಂಗವೆಲ್ಲ ನೀರು?”

ಮಾಮ ಒಮ್ಮೆ ನನ್ನ ಮುಖ ನೋಡಿದರು. “ಯಾರೋ ಮೀನಿಗೆ ತೋಟೆ ಹಾಕಿದ್ರಮ್ಮ” ಎಂದರು. ನೀರಿನಲ್ಲಿ ಮದ್ದು ಸಿಡಿಸಿ ಮೀನು ಹಿಡಿಯುವವರು ಆಗ ಅಲ್ಲಲ್ಲಿ ಇದ್ದರು. “ನೀರುನಾಯಿ ಎಲ್ಲ ಓಡಿದವು. ಇವಳು ದಡದಲ್ಲಿ ನಮ್ಮನ್ನು ನೋಡ್ಲಿಕ್ಕೆ ಬಂದವಳು ಹೆದರಿ ನೀರಿಗೆ ಜಾರಿದ್ಲು. ಬೈಬೇಡಿ.”

ಅಜ್ಜಿ ನನಗೆ ಬೈಯಲಿಲ್ಲ. ತೋಟೆ ಹಾಕಿದವನಿಗೆ ಬೈದರು. ಆವತ್ತು ಮಾತ್ರವಲ್ಲ, ಇಡೀ ವಾರ, ಪ್ರತಿ ಊಟಕ್ಕೂ, ಉಪ್ಪಿನಕಾಯಿ ಬಡಿಸುವಾಗೆಲ್ಲ. “ನನ್ನ ಮಗನ ಅನ್ನಕ್ಕೆ ಕಲ್ಲು ಹಾಕಿದ ಆ ಮುಂಡೆಮಗನ ಕೈ ಸೇದಿ ಹೋಗ್ಲಿ!” ಆ ಕೈಯಲ್ಲೇ ನಾನು ಗಂಜಿ ಕಲಸುತ್ತಿದ್ದೆ. ಸೇದುತ್ತಿದೆಯೇ ಎಂದು ಆಗಾಗ ಬೆರಳು ಮಡಿಸಿ ನೋಡಿಕೊಳ್ಳುತ್ತಿದ್ದೆ. ಎದುರಿಗೆ ಮಾಮ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮೂರನೆಯ ದಿನ ಅಜ್ಜಿ ‘ಅವನ ವಂಶವೇ’ ಎಂದು ಶುರು ಮಾಡಿದಾಗ ಮಾಮನಿಗೆ ಅನ್ನ ನೆತ್ತಿಗೇರಿತು. “ವಂಶ ಬಿಡಿ ಅಮ್ಮ, ವಂಶಕ್ಕೆ ಬೇಡ” ಎಂದು ಕೆಮ್ಮುತ್ತ ನಕ್ಕರು. ಆ ನಗು ಕೇಳಿ ನನಗೆ ಎರಡು ದಿನದಲ್ಲಿ ಮೊದಲ ಸಲ ಹಸಿವಾಯಿತು.

ಉಳಿದ ಆರು ಬೆಳಗ್ಗೆಯೂ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋದರು. “ಇವಳನ್ನು ದಡದಲ್ಲಿ ಬಿಡುವುದಕ್ಕಿಂತ ಕಣ್ಣೆದುರು ಇಟ್ಟುಕೊಳ್ಳುವುದು ಒಳ್ಳೇದು” ಎಂದು ಪೊರ್ಬುಗಳು ನನ್ನ ಜೇಬು ತಟ್ಟಿ ನೋಡಿಯೇ ಹತ್ತಿಸುತ್ತಿದ್ದರು. ನೀರುನಾಯಿಗಳು ಬರಲಿಲ್ಲ. ಆದರೆ ಎಷ್ಟೆಲ್ಲ ಬಂತು! ಕೆಸರಿನ ಮೇಲೆ ಕುಪ್ಪಳಿಸುತ್ತ ಬೆನ್ನಿನ ರೆಕ್ಕೆ ಬಿಡಿಸಿ ಜಗಳಾಡುವ ಗಿಡ್ಡ ಮೀನುಗಳು. ಮೊಣಕಾಲು ನೀರಲ್ಲಿ ಲಂಗ ಎತ್ತಿದ ಮುದುಕಿಯಂತೆ ನಡೆಯುವ ಬಕ. ಒಂದು ದಿನ ಮಂಜಿನೊಳಗಿಂದ ಒಂದು ನರಿ ಬಂದು, ಏಡಿ ಹೆಕ್ಕಿ ತಿಂದು, ನಮ್ಮನ್ನು ಕಂಡು, ‘ನೀವು ಯಾರೆಂದು ಕೇಳಲು ಪುರುಸೊತ್ತಿಲ್ಲ’ ಎಂಬಂತೆ ಹೋಯಿತು.

“ಉಸಿರು ಹಿಡೀಬೇಡ” ಎಂದು ಮಾಮ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. “ಬಿಡು. ಪೂರ್ತಿ ಬಿಟ್ಟ ಮೇಲೆ ಒತ್ತು.” ನನ್ನ ಬೆರಳ ಮೇಲೆ ಅವರ ಬೆರಳು. ಆ ಬಕ ನಾನು ಹೊಡೆದದ್ದು. ನನ್ನಷ್ಟು ಹೆದರುವವಳ ಕೈಗೆ ಬೇರೆಯವರ ಲೆನ್ಸು ಕೊಡಲು ಎಷ್ಟು ಧೈರ್ಯ ಬೇಕಿತ್ತು ಎಂದು ಈಗ ತಿಳಿಯುತ್ತದೆ. ಮಗಳಿಗೆ ಸ್ಕೂಟರಿನ ಕೀ ಕೊಡಲು ನನಗೆ ಎರಡು ವರ್ಷ ಬೇಕಾಯಿತು.

ರಜೆ ಮುಗಿಯಿತು. ವಿಮಾನಕ್ಕೆ ಮುಂಬಯಿಗೆ ಹೋಗಬೇಕಿತ್ತು. ಬಸ್ಸಿನ ಕಿಟಕಿಯಿಂದ ಮಾಮ ಬಗ್ಗಿ, “ನೀನು ಅದನ್ನೇ ಯೋಚನೆ ಮಾಡ್ಬೇಡ. ಆಯ್ತಾ?” ಎಂದರು. ಆಯ್ತು ಎಂದೆ. ನಂತರ ಎರಡು ತಿಂಗಳು ಬೇರೆ ಏನನ್ನೂ ಯೋಚಿಸಲಿಲ್ಲ. ಅಜ್ಜಿ ಶುಕ್ರವಾರ ದೇವಿಯಲ್ಲಿ ‘ಕತ್ತಲೆಯಿಂದ ಹೊರಗೆ ಹಾಕು’ ಎಂದು ಬೇಡುವಾಗ ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಮಾಮನನ್ನು ಆ ಕೋಣೆಗೆ ಮತ್ತೆ ತಳ್ಳಿ ಬಾಗಿಲು ಹಾಕಿದವಳು ನಾನೇ ಎಂದು ದೇವಿಗಾದರೂ ಗೊತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ರಟ್ಟು ಇಟ್ಟ ದಪ್ಪ ಲಕೋಟೆ ಬಂತು. ಅಮ್ಮ ಅಂಚು ಕತ್ತರಿಸಿ ಒಂದು ದೊಡ್ಡ ಫೋಟೊ ಎಳೆದು, “ಅಯ್ಯೋ ದೇವರೇ” ಎಂದರು.

ಹೊಯಿಗೆಯ ಮೇಲೆ ಐದು ನೀರುನಾಯಿಗಳು ಹಿಂಗಾಲಲ್ಲಿ ನೆಟ್ಟಗೆ ಎದ್ದು ನಿಂತಿದ್ದವು. ಸಾಲಾಗಿ, ದೊಡ್ಡದರಿಂದ ಚಿಕ್ಕದಕ್ಕೆ, ಕತ್ತು ಚಾಚಿ, ಮುಂಗೈ ಎದೆಗೆ ಇಟ್ಟುಕೊಂಡು. ಮೀಸೆಯ ಮೇಲಿನ ನೀರಿನ ಹನಿ ಕೂಡ ಕಾಣುತ್ತಿತ್ತು. ಮಾಮನ ಮೈ ಹಾರಿದ್ದರೂ ಲೆನ್ಸು ದೋಣಿಯ ಮೂತಿಯ ಮೇಲೆ ಗೋಣಿಚೀಲದಲ್ಲಿ ಹೂತು ಕೂತಿತ್ತು. ಅದು ಅಲುಗಿರಲಿಲ್ಲ.

ಅಮ್ಮ ಪತ್ರ ಓದಿದರು: “ಯಜಮಾನರು ಇದನ್ನು ಅಂಗಡಿಯ ಎದುರು ಗಾಜಿನೊಳಗೆ ಇಟ್ಟಿದ್ದಾರೆ. ಮುಂದಿನ ತಿಂಗಳಿನಿಂದ ನನಗೆ ಕ್ಯಾಮೆರಾ ಕೆಲಸ. ಆ ದಿನ ತೋಟೆ ಹಾಕಿದವರು ಯಾರೆಂದು ತಿಳಿದುಬಂದಲ್ಲಿ, ಅವರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳನ್ನು ತಿಳಿಸತಕ್ಕದ್ದು.”

“ತೋಟೆ ಹಾಕಿದವನಿಗೆ ಧನ್ಯವಾದವಾ?” ಅಜ್ಜಿ ಹುಬ್ಬು ಗಂಟಿಕ್ಕಿದರು. “ಇವನಿಗೆ ಅಲ್ಲಿ ಮಂಡೆಬಿಸಿ ಆಗಿದೆ.”

ನಾನು ಮತ್ತೆ ಹಿಂದಿನ ಬಾಗಿಲಲ್ಲಿ ಹೋಗಿ ಬಾವಿಕಟ್ಟೆಯಲ್ಲಿ ಕೂತು ಮನಸಾರೆ ಅತ್ತೆ. ಒಂದು ತಪ್ಪು ಪಾಠವನ್ನೂ ಅಲ್ಲೇ ಕಲಿತೆ: ಎರಡು ತಿಂಗಳು ಬಿಡದೆ ಚಿಂತೆ ಮಾಡಿದರೆ ಎಲ್ಲ ಸರಿಯಾಗುತ್ತದೆ. ಇಂದಿನವರೆಗೂ ಆ ಕ್ರಮ ಬಿಟ್ಟಿಲ್ಲ.

ಮಾಮ ಆಮೇಲೆ ಇಪ್ಪತ್ತು ವರ್ಷ ಗಲ್ಫಿನಲ್ಲಿ ಮದುಮಕ್ಕಳ ಫೋಟೊ ಹೊಡೆದರು. ಮತ್ತೊಂದು ಕಾಡುಪ್ರಾಣಿಯನ್ನು ಹೊಡೆಯಲೇ ಇಲ್ಲ. “ಮದುಮಗಳೂ ಹಾಗೇ ಮಾರಾಯ್ತಿ, ಹತ್ತಿರ ಬೆಡಿ ಸಿಡಿದ್ರೆ ಚಂದ ಬರ್ತಾಳೆ” ಎನ್ನುತ್ತಿದ್ದರು. ತೋಟೆಯ ವಿಷಯವನ್ನು ಅಜ್ಜಿಗೆ ಹೇಳಲಿಲ್ಲ, ಅಮ್ಮನಿಗೆ ಹೇಳಲಿಲ್ಲ, ನನ್ನ ಮದುವೆಯ ಮಂಟಪದಲ್ಲಿ ಕ್ಯಾಮೆರಾ ಹಿಡಿದು ನಿಂತಾಗ ನನ್ನ ಗಂಡನಿಗೂ ಹೇಳಲಿಲ್ಲ. ಪೊರ್ಬುಗಳೂ ಮೈಮುನಳೂ ಬಾಯಿ ಬಿಡಲಿಲ್ಲ. ಅಜ್ಜಿ ಕೊನೆಯವರೆಗೂ ಆ ಅಪರಿಚಿತ ಕೈಗೆ ಶಾಪ ಹಾಕುತ್ತಲೇ ಇದ್ದರು. ಅವರಿಗೆ ನೀರು ಕುಡಿಸಿದ್ದು ಅದೇ ಕೈ.

ಮೊನ್ನೆ ಬೋಳಾರಕ್ಕೆ ಹೋಗಿದ್ದೆ. ಕಾರ್ಖಾನೆ ಇದ್ದಲ್ಲಿ ವಾಹನಗಳು ನಿಂತಿವೆ. ಕುದ್ರು ಇದೆ, ಆ ಹೊಯಿಗೆ ಇಲ್ಲ. ಧಕ್ಕೆಯ ಕಟ್ಟೆಯಲ್ಲಿ ಇಬ್ಬರು ಹುಡುಗಿಯರು ಕ್ಯಾಮೆರಾ ಹಿಡಿದು ಕೂತಿದ್ದರು. ಒಬ್ಬಳು ಕೇಳಿದಳು, “ಆಂಟಿ, ಇಲ್ಲಿ ನೀರುನಾಯಿ ಉಂಟಂತೆ ಹೌದಾ?” ಮಳೆಗಾಲ ಮುಗಿದ ಮೇಲೆ ಮೇಲ್ಬದಿಯಲ್ಲಿ ಕೆಲವೊಮ್ಮೆ ಕಾಣುತ್ತದೆಂದು ಅವರೇ ಹೇಳಿದರು. ನನಗೆ ಅಷ್ಟೇ ಸಾಕಾಯಿತು. ಎಲ್ಲೋ ಇನ್ನೂ ಇವೆ. ಎಷ್ಟು ಎಂದು ಎಣಿಸುವವಳು ಈಗ ನಾನಲ್ಲ.

ಆ ಫೋಟೊ ನಮ್ಮ ಫ್ಲ್ಯಾಟಿನ ಹಾಲಿನಲ್ಲಿದೆ. ಬಣ್ಣ ಸ್ವಲ್ಪ ಕೆಂಪಗಾಗಿದೆ. ಬಂದವರು ಹತ್ತಿರ ಹೋಗಿ ನೋಡಿ, ಎಲ್ಲ ಸಾಲಾಗಿ ನಿಂತು ಅಷ್ಟು ಗಾಬರಿಯಲ್ಲಿ ಆಚೆ ಎಲ್ಲಿ ನೋಡುತ್ತಿವೆ ಎಂದು ಕೇಳುತ್ತಾರೆ. ಅಲ್ಲಿ ಏನಿತ್ತೆಂದು ಕಣ್ಣಾರೆ ಕಂಡ ಇಬ್ಬರಲ್ಲಿ ಪೊರ್ಬುಗಳು ಹೋಗಿ ಬಹಳ ಕಾಲವಾಯಿತು. ಮಾಮ ಹೋಗಿ ಮೂರು ವರ್ಷ. ಏನು ಮಾಡಿ ಬಂದರೂ ಮೊದಲು ನನ್ನ ಮುಖ ನೋಡಿ ಆಮೇಲೆ ಊರಿಗೆ ಉತ್ತರ ಹೇಳುವ ಜನ ಈಗ ನನಗೆ ಯಾರೂ ಉಳಿದಿಲ್ಲ. ಆ ಕೆಲಸ ಬೇರೆಯವರಿಗೆ ಮಾಡುವ ಸರದಿ ನನ್ನದಾಗಿದೆ.

ಚೌಕಟ್ಟಿನಿಂದ ನಾಲ್ಕು ಮೊಳ ಆಚೆ, ಕಾಂಡ್ಲಾ ಪೊದೆಯಲ್ಲಿ, ಕಿವಿ ಮುಚ್ಚಿ ಕಣ್ಣು ಮುಚ್ಚಿ ಕೂತಿದ್ದವಳು ನಾನು. ಆ ಫೋಟೊದಲ್ಲಿ ನಾನಿಲ್ಲ. ಐದೂ ನೋಡುತ್ತಿರುವುದು ನನ್ನನ್ನೇ.